ಸತ್ತವರು ಕಾದ ಮೂರು ಎಕರೆ

ಬಲ್ಲರಾಟ್ ದಾಟಿ ಪಡುವಣಕ್ಕೆ ಗಂಟೆಯ ಹಾದಿ, ಟ್ರೆಲಾರ್ ಕ್ರೀಕ್.
ಒಂದು ಪಬ್ಬು, ಮುಚ್ಚಿದ ಬ್ಯಾಂಕು, ಗೋಧಿ ತುಂಬುವ ಗೋಪುರ,
ಊರಿಗಿಂತ ಹೆಚ್ಚು ಜನ ಇರುವ ಸ್ಮಶಾನ.
ಅಕ್ಟೋಬರಿನ ಕೊನೆ. ಬೇಲಿಯಾಚೆ ಕ್ಯಾನೊಲಾ
ಅರಿಸಿನದ ಬಣ್ಣ ಬಿಟ್ಟು ಕಾಯಿಗಟ್ಟುತ್ತಿದೆ.
ನೇಗಿಲು ಮುಟ್ಟದ ಮಣ್ಣು ಈ ಸೀಮೆಯಲ್ಲಿ ಇಷ್ಟೇ:
ಹೂತಿದ್ದಾರೆಂಬ ಅಂಜಿಕೆಗೆ ಉಳುವವನು ಬಿಟ್ಟದ್ದು.

ಬಿಳಿ ಕೊಳವೆಯ ಚೌಕಟ್ಟು, ಮೀಟರಿಗೆ ಮೀಟರು.
ಇಡು, ಮಂಡಿಯೂರು, ಎಣಿಸು. ಎದ್ದು ಹತ್ತು ಹೆಜ್ಜೆ. ಮತ್ತೆ ಇಡು.
ಥೆಲ್ಮಾ ರಡಕ್ ಕೂಗುತ್ತಾಳೆ, ನಾನು ಬರೆಯುತ್ತೇನೆ.
ಕಾಂಗರೂ ಹುಲ್ಲು, ನೂರಕ್ಕೆ ನಲವತ್ತು.
ವಾಲಬಿ ಹುಲ್ಲು, ಹನ್ನೆರಡು.
ಮಿಲ್ಕ್‌ಮೇಡ್, ನನ್ನ ಬಾಯಲ್ಲಿ ಗೊಲ್ಲತಿ ಹೂ, ಏಳು ಗಿಡ.
ಬರಿ ನೆಲ, ಐದು.
“ಬರಿ ನೆಲವನ್ನು ಬಿಟ್ಟುಬಿಡಬೇಡ,” ಅನ್ನುತ್ತಾಳೆ,
“ಮೊಳಕೆಗೆ ಅದೇ ಬಾಗಿಲು.”

ಹೊರಗಿಂದ ಬಂದ ಗಿಡವಾದರೆ ಹೆಸರಿಗೊಂದು ನಕ್ಷತ್ರದ ಗುರುತು.
ಹದಿನಾಲ್ಕನೆಯ ಚೌಕದಲ್ಲಿ ಅವಳು ಕೂಗಿದ್ದು ಲ್ಯಾಟಿನ್,
ನನ್ನ ಬೆರಳಿಗೆ ಸಿಕ್ಕಿದ್ದು ಗರಿಕೆ.
ಚೌತಿಯ ಬೆಳಗ್ಗೆ ಇಪ್ಪತ್ತೊಂದು ಎಣಿಸಿ ಕಟ್ಟಿದ
ಅದೇ ಮೂರೆಸಳ ಕುಡಿ.
ನಕ್ಷತ್ರ ಹಾಕಿದೆ. ಪೆನ್ಸಿಲ್ ತಡೆಯಲಿಲ್ಲ.
ಇದರೊಳಗೆ ನನ್ನ ಕತೆ ಹುಡುಕಬೇಡಿ;
ಗರಿಕೆಗೆ ವೀಸಾ ಇಲ್ಲ, ನನಗೆ ಗಿಣ್ಣುಬೇರಿಲ್ಲ,
ಗಿಡ ಗಿಡವೇ, ಉಪಮೆಯ ಕೂಲಿಯಾಳಲ್ಲ.

ಆಮೇಲೆ ಹೆಂಚು.
ಮಣ್ಣಿನ ಹೆಂಚು ಐವತ್ತು, ಹುಲ್ಲಿನ ಬುಡದಲ್ಲಿ ಸಾಲಾಗಿ,
ಕಾಲಿಲ್ಲದ ಹಲ್ಲಿಯೊಂದು ಮೈ ಕಾಯಿಸಿಕೊಳ್ಳಲು ಬರಲೆಂದು.
ಹಾವೆಂದು ಬಗೆದು ಜನ ಬಡಿದ ಬಡಪಾಯಿ.
ಒಂದೊಂದೇ ಎತ್ತಿದೆವು: ಇರುವೆ. ಜೇಡ. ಇರುವೆ. ಏನಿಲ್ಲ.
ಎಂಟು ವರ್ಷದಿಂದ ಏನಿಲ್ಲ.
ಜಾಗ ಖಾಲಿ ಬಿಡುವ ಹಾಗಿಲ್ಲ,
ಖಾಲಿ ಎಂದರೆ ನೋಡಲಿಲ್ಲ ಅಂತ;
ನೋಡಿದೆವು, ಇರಲಿಲ್ಲ ಅನ್ನುವುದಕ್ಕೆ ಸೊನ್ನೆ.
ಐವತ್ತು ಸೊನ್ನೆ ಬರೆದೆ, ದುಂಡಗೆ.

ಆ ಸಂಜೆ ನಕ್ಷೆಯ ಮೇಲೆ ಸೂಜಿಹುಲ್ಲಿಗೆ ಕೆಂಪು ಚುಕ್ಕಿ ಇಡುತ್ತಾ
ನಮ್ಮ ಮಾತು ನಿಂತಿತು.
ಗಾಳಿಗೆ ಬಂದ ಬೀಜವಾದರೆ ಚೆದುರಬೇಕಿತ್ತು.
ಇವು ಗೇಟಿನಿಂದ ಹೊರಟು, ಆಂಗ್ಲಿಕನ್ನರ ಸಾಲು ಬಳಸಿ,
ಒಂದು ಕಲ್ಲಿನ ಹತ್ತಿರ ಗಕ್ಕನೆ ನಿಂತಿದ್ದವು:
ಇಡಾ ಟ್ರೆವಿನ್, ಅರವತ್ತೆಂಟು ವರ್ಷ.

ಅವಳ ಗಂಡ ಮರ್ವಿನ್, ಶನಿವಾರ ತಪ್ಪದೆ,
ರಸ್ತೆಬದಿ ಸವರಿದ ಯಂತ್ರವನ್ನೇ ತಳ್ಳಿಕೊಂಡು ಬರುತ್ತಿದ್ದ,
ಅವಳ ಸುತ್ತ ಅಚ್ಚುಕಟ್ಟಾಗಿರಲೆಂದು.
ಹೇಳುವವರು ಯಾರು? ಥೆಲ್ಮಾ ಚಹಾದ ಫ್ಲಾಸ್ಕನ್ನು ತೊಳೆದದ್ದೇ ತೊಳೆದಳು.
ಅವನ ಟ್ರಕ್ಕಿನ ಬಾನೆಟ್ಟಿನ ಮೇಲೆ ನಾನು ನಕ್ಷೆ ಹಾಸಿದೆ.
ನೋಡಿದ. ಟೋಪಿ ತೆಗೆದ.
ಚುಕ್ಕಿಯಿಂದ ಚುಕ್ಕಿಗೆ ಬೆರಳು ನಡೆಸಿದ.
“ಇಷ್ಟು ಸಲ ಬಂದಿದ್ದೇನೆಯೇ,” ಅಂದ.
ಅಷ್ಟೇ.

ಅದು ಹೋದ ವರ್ಷ. ಈಗ ಯಂತ್ರವಿಲ್ಲ.
ಮಂಡಿಯಡಿ ಗೋಣಿಚೀಲ, ಕೈಯಲ್ಲಿ ಬಡಗಿಯ ಹಳೆಯ ಉಳಿ,
ಬುಡಸಮೇತ ಕೀಳುತ್ತಾನೆ, ಬೀಜ ಉದುರದಂತೆ.
ಹೊರಡುವಾಗ ಗೇಟಿನಲ್ಲೇ ಕೂತು ಕಾಲುಚೀಲ ಬಿಚ್ಚಿ
ಚುಚ್ಚಿಕೊಂಡ ಸೂಜಿಗಳನ್ನು ಆರಿಸುತ್ತಾನೆ,
ಅಕ್ಕಿಯೊಳಗಿನ ಕಲ್ಲು ಆರಿಸಿದಂತೆ.
ಇಡಾಳ ಕಲ್ಲಿಗೆ ಮೊಣಕಾಲೆತ್ತರ ಹುಲ್ಲು,
ಹೆಸರಿನ ಕೆಳಗಿನ ಸಾಲು ಕಾಣಿಸದು.
ಹಾದುಹೋಗುವವರು ಮರೆತನೆಂದುಕೊಳ್ಳುತ್ತಾರೆ, ಪಾಪ.

ಅವಳ ಪಕ್ಕದ ಚೌಕ: ಸೂಜಿಹುಲ್ಲು, ಎರಡು. ಹೋದ ಸಲ ಹತ್ತೊಂಬತ್ತು.
ಗೊಲ್ಲತಿ ಇನ್ನೂ ಬಂದಿಲ್ಲ.
“ಬರೆ,” ಅಂದ ಮರ್ವಿನ್, ನನ್ನ ಹೆಗಲ ಮೇಲಿಂದ ಬಗ್ಗಿ,
“ಸೊನ್ನೆಯನ್ನೂ ಬರೆ.”
ಮೂವತ್ತೊಂದನೆಯ ಹೆಂಚನ್ನು ಅವನೇ ಎತ್ತಿದ. ಇರುವೆ.
ಮೆಲ್ಲಗೆ, ಯಾರೋ ಮಲಗಿದ್ದಾರೆಂಬಂತೆ,
ತಿರುಗಿ ಇಟ್ಟ.